ಮೀಟ್ರಣ್ಣನ ಕಿವಿ

ಒಂದೇ ಮೋಹನ ರಾಗವನ್ನು ಹನ್ನೊಂದು ಮಂದಿ ಹಾರ್ಮೋನಿಯಂನಲ್ಲಿ ನುಡಿಸಿದ್ದನ್ನು ನಾನು ಒಂದೇ ಭಾನುವಾರ ಕೂತು ಕೇಳಿದ್ದೇನೆ. ಇಷ್ಟಪಟ್ಟು ಕೇಳಿದೆ ಎಂದರೆ ಸುಳ್ಳಾಗುತ್ತದೆ. ಏಳನೆಯವರ ಹೊತ್ತಿಗೆ ಹಸಿವಾಗಿತ್ತು, ಒಂಬತ್ತನೆಯವರ ಹೊತ್ತಿಗೆ ತಲೆ ಚಿಟ್ಟು ಹಿಡಿದಿತ್ತು. ಎದುರಿಗೆ ಕೂತಿದ್ದ ಮನುಷ್ಯ ಏಳಲು ಬಿಡಬೇಕಲ್ಲ. ಪ್ರತಿ ಕ್ಯಾಸೆಟ್ಟು ಮುಗಿದಾಗಲೂ ನನ್ನ ಮುಖ ನೋಡಿ, “ಏನ್ಲಾ ಯತ್ಯಾಸ?” ಎನ್ನುವನು. ನಾನು ಹೇಳಬೇಕು. ಹೇಳದಿದ್ದರೆ ಅದೇ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕುವನು.

ಅವನು ನಮ್ಮ ಕರೆಂಟ್ ಆಫೀಸಿನಲ್ಲಿ ಮನೆಮನೆಗೆ ಹೋಗಿ ಮೀಟರ್ ಓದಿಕೊಂಡು ಬರುವ ಕೆಲಸದಲ್ಲಿದ್ದ. ನಾನು ಅಲ್ಲೇ ಗುಮಾಸ್ತ. ಊರೂರಿನ ಜನ ಅವನನ್ನು ಮೀಟ್ರಣ್ಣ ಎಂದು ಕರೆಯುತ್ತಿದ್ದರು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಆದರೆ ನಮ್ಮ ಕಡೆ ಅಣ್ಣ ಎಂದ ಮೇಲೆ ಅದಕ್ಕೆ ಬಹುವಚನ ಹಚ್ಚುವ ಪದ್ಧತಿಯಿಲ್ಲ. ಹೋದ ತಿಂಗಳು ತೀರಿಕೊಂಡ. ಈಗ ಹೊಸದಾಗಿ ‘ಅವರು’ ಎಂದು ಬರೆದರೆ ಅವನಿಗೇ ನಗು ಬಂದೀತು.

ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ ಕಡೆ ಉಳುವ ಜನ ಕಿರೀಟ ಕಟ್ಟಿಕೊಂಡು ಪೌರಾಣಿಕ ನಾಟಕ ಆಡುವುದು ಇವತ್ತಿಗೂ ನಿಂತಿಲ್ಲ. ಮೂರು ತಿಂಗಳು ಮುಂಚೆಯೇ ಒಬ್ಬರು ಡ್ರಾಮಾ ಮೇಷ್ಟ್ರಿಗೆ ವೀಳ್ಯ ಕೊಟ್ಟು ಊರಿಗೆ ಕರೆತರುತ್ತಾರೆ. ಮಾತು, ಹಾಡು ಕಲಿಸುವವರು ಅವರೇ. ನಾಟಕದ ದಿನ ಪರದೆಯ ಪಕ್ಕ ಕೂತು ಕಾಲಲ್ಲಿ ತುಳಿಯುತ್ತ ಹಾರ್ಮೋನಿಯಂ ನುಡಿಸುವವರೂ ಅವರೇ. ಪರದೆ ಏಳುವ ಮುಂಚೆ ಹತ್ತು ನಿಮಿಷ ಹಾಡಿಲ್ಲದೆ ಬರೀ ಹಾರ್ಮೋನಿಯಂ ನುಡಿಸುವುದು ವಾಡಿಕೆ. ಜನ ಆಗ ಚಾಪೆ ಹಾಸಿಕೊಳ್ಳುವುದರಲ್ಲಿ, ಕಡಲೆಕಾಯಿ ಕೊಳ್ಳುವುದರಲ್ಲಿ ಇರುತ್ತಾರೆ. ಮೀಟ್ರಣ್ಣನಿಗೆ ಬೇಕಾಗಿದ್ದದ್ದು ಅಷ್ಟೇ. ತೊಡೆಯ ಮೇಲೆ ಟವಲ್ಲು, ಟವಲ್ಲಿನ ಮೇಲೆ ಟೇಪ್‌ರೆಕಾರ್ಡರು ಇಟ್ಟುಕೊಂಡು ಮೇಷ್ಟ್ರ ಕಾಲ ಬುಡದಲ್ಲಿ ಕೂತು ರೆಕಾರ್ಡ್ ಮಾಡಿಕೊಂಡು, ಪರದೆ ಎದ್ದ ಕೂಡಲೇ ಎದ್ದು ಹೊರಟುಬಿಡುತ್ತಿದ್ದ. ರಾಜನ ಪಾರ್ಟು ಮಾಡುವವರಿಗೆ ಇದರಿಂದ ಬಹಳ ಸಿಟ್ಟು.

ಕ್ಯಾಸೆಟ್ಟಿನ ಮೇಲೆ ಊರಿನ ಹೆಸರು ಮಾತ್ರ ಬರೆಯುವನು. ನುಡಿಸಿದವರ ಹೆಸರು ಬರೆಯುತ್ತಿರಲಿಲ್ಲ. “ಎಸ್ರು ಗೊತ್ತಾದ್ರೆ ಕಿವಿ ಕೆಡ್ತದೆ ಕಣ್ಲಾ. ದೊಡ್ ಎಸ್ರಾದ್ರೆ ಸುಮ್ಕೆ ತಲೆದೂಗ್ಬುಡ್ತೀವಿ” ಎನ್ನುವನು. ಮೇಷ್ಟ್ರುಗಳನ್ನು ಮಾತಾಡಿಸುತ್ತಲೂ ಇರಲಿಲ್ಲ. ಕಾಲ ಬುಡದಲ್ಲಿ ಕೂತಿದ್ದರೂ ಒಂದು ನಮಸ್ಕಾರ ಇಲ್ಲ. ಮಾತಾಡಿಸಿದರೆ ಮನುಷ್ಯ ಅಡ್ಡ ಬರುತ್ತಾನೆ, ಕೈ ಕೇಳಿಸುವುದಿಲ್ಲ ಎಂಬುದು ಅವನ ವಾದ.

ಕೇಳಲು ಕೂರುವ ಮುಂಚೆ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕುವನು. ಅದರ ಸದ್ದು ತಾಳ ಕೆಡಿಸುತ್ತದಂತೆ. ಆಮೇಲೆ ಟೇಪ್‌ರೆಕಾರ್ಡರಿನ ನೆತ್ತಿಯ ಮೇಲೆ, ಮಗುವಿನ ಜ್ವರ ನೋಡುವ ಹಾಗೆ, ಅಂಗೈ ಇಟ್ಟು ಕಣ್ಣು ಮುಚ್ಚುವನು. ಕೆ.ಆರ್. ಪೇಟೆ ಕಡೆಯ ಒಬ್ಬರು ಚಪ್ಪಾಳೆಗೋಸ್ಕರ ನುಡಿಸುತ್ತಾರೆ, ಶ್ರೀರಂಗಪಟ್ಟಣದ ಇನ್ನೊಬ್ಬರು ಹಾಡುವವನ ಗಂಟಲು ನೋಡಿಕೊಂಡು ನುಡಿಸುತ್ತಾರೆ, ಮೂರನೆಯವರೊಬ್ಬರಿಗೆ ಮನೆಗೆ ಹೋಗುವ ಅವಸರ ಎಂದು ಅವನು ವಿವರಿಸಿದ ಮೇಲೆ ನನಗೂ ಹಾಗೇ ಕೇಳಿಸುತ್ತಿತ್ತು. ಅವನು ಹೇಳದೆ ಹೋಗಿದ್ದರೆ ಮೂರೂ ಒಂದೇ. ಇದನ್ನು ಅವನ ಮುಂದೆ ಒಪ್ಪಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಕ್ಯಾಸೆಟ್ಟು ಎರವಲು ಕೊಡುವುದರಲ್ಲಿ ಧಾರಾಳಿ. ಆದರೆ ವಾಪಸ್ಸು ಕೊಡುವಾಗ ಅಭಿಪ್ರಾಯ ಹೇಳಬೇಕು. ‘ಚೆನ್ನಾಗಿದೆ’ ನಡೆಯುತ್ತಿರಲಿಲ್ಲ. “ಚೆಂದಾಗದೆ ಅಂತ ಸಾರು ಕುಡ್ದು ಏಳು. ಇದ್ಕೆ ಬ್ಯಾರೆ ಏಳು” ಎಂದು ಗದರುವನು. ಒಮ್ಮೆ ಕೇಳಲು ಪುರುಸೊತ್ತಾಗದೆ, “ಎರಡನೇ ಭಾಗದಲ್ಲಿ ಸ್ವಲ್ಪ ಅವಸರ ಮಾಡಿದ್ದಾರೆ ಅಣ್ಣ” ಎಂದುಬಿಟ್ಟೆ. ಅದು ಖಾಲಿ ಕ್ಯಾಸೆಟ್ಟು. ಬೇಕೆಂತಲೇ ಕೊಟ್ಟಿದ್ದ. ಆಫೀಸಿನವರಿಗೆಲ್ಲ ಹೇಳಿ ಒಂದು ವಾರ ನಗಿಸಿದ.

ಅಷ್ಟೂ ಜನರಲ್ಲಿ ಅವನಿಗೆ ಬಹಳ ಬೇಕಾದವರು ದೇವಲಾಪುರದ ಕಡೆಯ ಒಬ್ಬರು ವಯಸ್ಸಾದ ಮೇಷ್ಟ್ರು. ಮೋಹನದಲ್ಲಿ ಗಾಂಧಾರದ ಮೇಲೆ ಒಂದು ಗಳಿಗೆ ನಿಂತು, ಇಳಿಯುವುದೋ ಬೇಡವೋ ಎಂದು ಯೋಚಿಸಿದಂತೆ ಮಾಡಿ, ನಾವು ಇಳಿಯುತ್ತಾರೆ ಎಂದುಕೊಳ್ಳುವಷ್ಟರಲ್ಲಿ ಮೇಲಕ್ಕೆ ಓಡಿಬಿಡುತ್ತಿದ್ದರು. ಆ ಜಾಗ ಬಂದಾಗ ಮೀಟ್ರಣ್ಣ ಕಣ್ಣು ಬಿಟ್ಟು ನನ್ನ ಕಡೆ ನೋಡುವನು. ನಾನು ಅವನಿಂದ ಕಲಿತದ್ದು ಏನಾದರೂ ಇದ್ದರೆ ಅದೊಂದು ಜಾಗವನ್ನು ಗುರುತು ಹಿಡಿಯುವುದು.

ಹೀಗೆ ಕೇಳಿ ಕೇಳಿ ಅವನ ಕಿವಿಗೆ ಹೆಸರು ಬಂತು. ಯಾವ ಮೇಷ್ಟ್ರನ್ನು ಕರೆಯುವುದು ಎಂದು ಊರಿನವರು ಅವನನ್ನು ಕೇಳತೊಡಗಿದರು. ಮೊದಮೊದಲು, “ನಾನ್ಯಾರಪ್ಪಾ ಏಳಕ್ಕೆ, ಮೀಟ್ರು ಓದೋನು” ಎಂದು ಜಾರಿಕೊಳ್ಳುತ್ತಿದ್ದ. ಆಮೇಲೆ ಜಾರಿಕೊಳ್ಳುವುದನ್ನು ಬಿಟ್ಟ. ಅವನು ಹೂಂ ಎಂದವರಿಗೆ ವೀಳ್ಯ ಹೋಗುತ್ತಿತ್ತು, ಊಹೂಂ ಎಂದವರು ಆ ವರ್ಷ ಮನೆಯಲ್ಲಿ ಕೂರುತ್ತಿದ್ದರು. ಅವನಿಗೆ ಒಳಗೊಳಗೆ ಖುಷಿಯಿತ್ತು ಎಂದು ನಾನು ಹೇಳಬಲ್ಲೆ. ಅವನ ಪಕ್ಕ ಕೂರುತ್ತಿದ್ದ ನನಗೂ ಇತ್ತು.

ಹದಿನೈದು ವರ್ಷದ ಮೇಲಾಯಿತು. ಸಂಕ್ರಾಂತಿ ಕಳೆದ ಹೊಸದು. ಮೀಟ್ರಣ್ಣ ಚಿನಕುರಳಿಯಲ್ಲಿ ಮೀಟರ್ ಓದಿ ಮುಗಿಸಿ, ಸಂಜೆ ಎಂದಿನಂತೆ ಅಲ್ಲೇ ಇದ್ದ ನಮ್ಮ ಮನೆಗೆ ಕಾಫಿಗೆ ಬಂದಿದ್ದ. ಅವನನ್ನು ಹುಡುಕಿಕೊಂಡು ಬಿಂಡಿಗನವಿಲೆ ಕಡೆಯ ಇಬ್ಬರು ಬೈಕಿನಲ್ಲಿ ಅಲ್ಲಿಗೇ ಬಂದರು. ಅವರ ಊರಿನಲ್ಲಿ ನಾಟಕ. ಇಬ್ಬರು ಮೇಷ್ಟ್ರು ಅವರ ಮನಸ್ಸಿನಲ್ಲಿದ್ದರು; ಒಬ್ಬರು ಕೆ.ಆರ್. ಪೇಟೆಯ ಹೊಸಬರು, ಇನ್ನೊಬ್ಬರ ಕ್ಯಾಸೆಟ್ಟು ಜೊತೆಯಲ್ಲಿತ್ತು, ಹಿಂದಿನ ವರ್ಷ ಪಕ್ಕದ ಊರಿನಲ್ಲಿ ನುಡಿಸಿದ್ದು.

“ಎಸ್ರು ಏಳ್ಬೇಡಿ” ಎಂದ ಮೀಟ್ರಣ್ಣ. ಅವನ ಟೇಪ್‌ರೆಕಾರ್ಡರು ಶ್ರೀರಂಗಪಟ್ಟಣದಲ್ಲಿ ರಿಪೇರಿಗೆ ಹೋಗಿತ್ತು. ನಮ್ಮದಕ್ಕೆ ಹಾಕಿದೆವು. ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡ, ಅಂಗೈ ಇಟ್ಟ, ಕಣ್ಣು ಮುಚ್ಚಿದ. ಮೋಹನ. ಎರಡು ನಿಮಿಷಕ್ಕೆ, “ದೇವಲಾಪುರದೋರು” ಎಂದ. ಬಂದಿದ್ದವರಿಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಅವನ ಹುಬ್ಬು ಗಂಟಾಯಿತು. ಗಾಂಧಾರದ ಮೇಲೆ ನಿಂತದ್ದು ನಿಂತೇ ಇತ್ತು. ಮೇಲಕ್ಕೆ ಹೋಗುವ ಓಟ ಮೆಟ್ಟಿಲು ಹತ್ತುವ ಮುದುಕರ ಹಾಗೆ ಒಂದೊಂದಾಗಿ ಹೋಯಿತು. ನಡುವೆ ನನ್ನ ಹೆಂಡತಿ ಅಡುಗೆಮನೆಯಿಂದ, “ರೀ, ಮಿಕ್ಸಿ ತಿರುಗ್ತಾನೇ ಇಲ್ಲ ಕಣ್ರೀ” ಎಂದಳು. ನಾನು ಕೈಸನ್ನೆ ಮಾಡಿ ಸುಮ್ಮನಿರಿಸಿದೆ.

ಕ್ಯಾಸೆಟ್ಟು ಮುಗಿಯಿತು. ಮೀಟ್ರಣ್ಣ ಅಂಗೈ ತೆಗೆದ. “ಶ್ರುತಿ ಆರ್ಮೋನಿಲಿ ಒಂದ್ ಮನೆ ಇಳ್ಸವ್ರೆ. ಯಾವತ್ತೂ ಇಳಿಸ್ದೋರಲ್ಲ. ಬೆರಳು ಓಡ್ತಿಲ್ಲ” ಎಂದ. ಆಮೇಲೆ ಕಷ್ಟಪಟ್ಟು, “ಕೈ ಸತ್ತೋಗದೆ ಕಣಪ್ಪ. ಹೊಸಬರ್ನೇ ಕರ್ಕಳಿ” ಎಂದ.

ಅವರು ಬರುವ ಗುರುವಾರವೇ ವೀಳ್ಯ ಕೊಡುತ್ತೇವೆ ಎಂದು ಹೇಳಿ ಹೊರಟರು. ಕ್ಯಾಸೆಟ್ಟು ನಮ್ಮ ಮನೆಯಲ್ಲೇ ಉಳಿಯಿತು. ಆ ಸಂಜೆ ಮೀಟ್ರಣ್ಣ ಎರಡನೇ ಲೋಟ ಕಾಫಿ ಕುಡಿಯಲಿಲ್ಲ.

ಭಾನುವಾರ ಬೆಳಿಗ್ಗೆ ಶೇವ್ ಮಾಡಿಕೊಳ್ಳುತ್ತ ಟೇಪ್‌ರೆಕಾರ್ಡರಿನ ಗುಂಡಿ ಒತ್ತಿದೆ. ಒಳಗಿದ್ದದ್ದು ಅದೇ ಕ್ಯಾಸೆಟ್ಟು. ಆದರೆ ಬಂದದ್ದು ಬೇರೆ ಯಾರದೋ ಮೋಹನ ಎನಿಸಿತು. ಗಾಂಧಾರದ ಮೇಲೆ ನಿಂತರು, ಯೋಚಿಸಿದರು, ನಾನು ರೇಜರ್ ಕೆಳಗಿಡುವಷ್ಟರಲ್ಲಿ ಮೇಲಕ್ಕೆ ಓಡಿಹೋದರು. ಕ್ಯಾಸೆಟ್ಟು ತೆಗೆದು ನೋಡಿದೆ. ತಿರುಗಿಸಿ ನೋಡಿದೆ. ಇನ್ನೊಂದು ಕಡೆ ಖಾಲಿ.

ಹೆಂಡತಿ ಕಸ ಗುಡಿಸುತ್ತಿದ್ದವಳು ಪೊರಕೆ ಹಿಡಿದುಕೊಂಡೇ ನಿಂತು ಕೇಳಿದಳು. “ಅವತ್ತು ಸಂಜೆ ಕರೆಂಟೇ ಇರ್ನಿಲ್ವಲ್ರೀ ಸರಿಯಾಗಿ. ಪಂಪ್‌ಸೆಟ್ಟೆಲ್ಲ ಓಡ್ತಿದ್ವು. ಮಿಕ್ಸಿ ತಿರುಗ್ತಿಲ್ಲ ಅಂತ ನಾನು ಬಡ್ಕೊಂಡ್ರೆ ಸುಮ್ಕಿರು ಅಂದ್ರಿ.”

ಶ್ರುತಿ ಇಳಿಸಿದ್ದು ಮೇಷ್ಟ್ರಲ್ಲ, ನಮ್ಮ ಮನೆಯ ವೋಲ್ಟೇಜು. ಟೇಪು ನಿಧಾನ ತಿರುಗಿದರೆ ಕೈಯೂ ನಿಧಾನ, ಶ್ರುತಿಯೂ ಕೆಳಗೆ. ಹಾಡುವವರ ಗಂಟಲು ಒಂದಿದ್ದಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಬರೀ ಹಾರ್ಮೋನಿಯಂನಲ್ಲಿ ಅದು ವಯಸ್ಸಿನ ಹಾಗೆ ಕೇಳಿಸಿತ್ತು.

“ಗುರುವಾರ ಇನ್ನೂ ನಾಕ್ ದಿನ ಅದೆ. ಈಗ್ಲೇ ಓಗಿ ಏಳ್ಬುಡಿ” ಎಂದಳು.

ನಾನು ಹೋಗಲಿಲ್ಲ. ಯಾಕೆ ಎಂದು ಇಷ್ಟು ವರ್ಷದಲ್ಲಿ ಬೇಕಾದಷ್ಟು ಕಾರಣ ಹೇಳಿಕೊಂಡಿದ್ದೇನೆ. ಆ ಮನುಷ್ಯನಿಗೆ ಇದ್ದದ್ದೇ ಆ ಕಿವಿ, ಅದನ್ನು ತಪ್ಪು ಎನ್ನುವುದು ಹೇಗೆ ಎಂಬುದು ಒಂದು. ಸೋಮವಾರ ಆಫೀಸಿನಲ್ಲಿ ಜನ ಇದ್ದರು ಎಂಬುದು ಇನ್ನೊಂದು. ಮಂಗಳವಾರ ಅವನು ರಜೆ. ಅವೆಲ್ಲ ಹೊದಿಕೆ. ನಿಜ ಏನೆಂದರೆ, ಅವನಿಗೆ ಗೊತ್ತಿಲ್ಲದ ಒಂದು ಸಂಗತಿ ಜೀವನದಲ್ಲಿ ಮೊದಲ ಸಲ ನನಗೆ ಗೊತ್ತಿತ್ತು. ಅದನ್ನು ಇಟ್ಟುಕೊಂಡಿರುವುದು ಹಿತವಾಗಿತ್ತು. ಖಾಲಿ ಕ್ಯಾಸೆಟ್ಟಿನ ನಗು ಇನ್ನೂ ಎಲ್ಲೋ ಚುಚ್ಚುತ್ತಿತ್ತೋ ಏನೋ. ಗುರುವಾರ ಬಂದು ಹೋಯಿತು. ಬಂದು ಹೋದ ಮೇಲೆ ಹೇಳಿ ಏನು ಪ್ರಯೋಜನ ಎಂಬ ಕಾರಣ ಹೊಸದಾಗಿ ಸಿಕ್ಕಿತು.

ಮಾತು ಗಾಳಿಗಿಂತ ಬೇಗ ಹೋಗುತ್ತದೆ. ಮೀಟ್ರಣ್ಣನೇ ಕೈ ಸತ್ತಿದೆ ಎಂದನಂತೆ ಎಂದು ಇನ್ನೆರಡು ಊರಿನವರೂ ದೇವಲಾಪುರದ ಮೇಷ್ಟ್ರನ್ನು ಬಿಟ್ಟರು. ಯುಗಾದಿ ಕಳೆದ ಮೇಲೆ ಆ ಕಡೆಯ ಲೈನ್‌ಮನ್ ಒಬ್ಬ ಆಫೀಸಿಗೆ ಬಂದವನು, “ಪಾಪ, ಆವಯ್ಯ ಆರ್ಮೋನಿ ಮುಟ್ಟೋದೇ ಬುಟ್ಬುಟ್ಟವ್ರೆ” ಎಂದ. ಅವತ್ತು ನನಗೆ ಊಟ ಸೇರಲಿಲ್ಲ. ಮಾರನೇ ದಿನ ಬೆಳಿಗ್ಗೆ ಪಾಂಡವಪುರದಲ್ಲಿ ಮೀಟ್ರಣ್ಣನ ಮನೆಗೆ ಹೋಗಿ ಕ್ಯಾಸೆಟ್ಟು ಕೊಟ್ಟು, ಹಾಕು ಎಂದೆ.

ಮೂರು ಸಲ ಕೇಳಿದ. ಮೊದಲ ಸಲ ಅಂಗೈ ಇಟ್ಟುಕೊಂಡು, ಆಮೇಲೆ ಕೈ ತೆಗೆದು. ನಂತರ ಎದ್ದು ನಿಂತು ಮನೆಯ ಬಲ್ಬನ್ನು ನೋಡಿದ.

“ಅವತ್ತು ನಿಮ್ಮನೆ ಬಲ್ಬು ಮಂಕಾಗಿತ್ತಲ್ವೇನ್ಲಾ?”

“ಹೂಂ ಅಣ್ಣ.”

“ವೋಲ್ಟೇಜ್ ಇಲ್ಲ ವೋಲ್ಟೇಜ್ ಇಲ್ಲ ಅಂತ ಊರೂರಲ್ಲೂ ದಿನಾ ಬೈಸ್ಕಳೋನು ನಾನು. ನಂಗೇ ಹೊಳೀನಿಲ್ವಲ್ಲೋ.” ಕ್ಯಾಸೆಟ್ಟು ಹೊರಗೆ ತೆಗೆಯುತ್ತ, “ನಿಂಗ್ಯಾವತ್ತು ಗೊತ್ತಾಯ್ತು?” ಎಂದು ಕೇಳಿದ.

“ನಿನ್ನೆ” ಎಂದೆ.

ಅವನು ನನ್ನ ಎರಡೂ ಕೈ ಹಿಡಿದುಕೊಂಡ. “ನಿನ್ನೆ ಗೊತ್ತಾಗಿ ಇವತ್ತೇ ಬಂದ್ಯಲ್ಲಪ್ಪಾ” ಎಂದ. ನನ್ನನ್ನು ಅಪ್ಪಾ ಎಂದು ಕರೆದದ್ದು ಅದೇ ಮೊದಲು.

ಆ ವಾರದ ಭಾನುವಾರವೇ ನಾಗಮಂಗಲದಲ್ಲಿ ಬಸ್ಸು ಬದಲಾಯಿಸಿ ಇಬ್ಬರೂ ದೇವಲಾಪುರಕ್ಕೆ ಹೋದೆವು. ಟೇಪ್‌ರೆಕಾರ್ಡರಿಗೆ ಹೊಸ ಸೆಲ್ಲು ಹಾಕಿಕೊಂಡಿದ್ದ. ಮೇಷ್ಟ್ರು ಜಗಲಿಯ ಮೇಲೆ ಕೂತು ಹುರುಳಿ ಹಸನು ಮಾಡುತ್ತಿದ್ದರು. ಹಾರ್ಮೋನಿಯಂ ಒಳಗೆ ಕಂಬಳಿ ಹೊದ್ದುಕೊಂಡಿತ್ತು. ಮೀಟ್ರಣ್ಣ ತಾನು ಯಾರೆಂದು ಹೇಳಿದ ಕೂಡಲೇ ಅವರು ಮೊರ ಬದಿಗಿಟ್ಟು ಎದ್ದು ನಿಂತರು. ಬೈಯುತ್ತಾರೆ ಎಂದುಕೊಂಡೆ. ಅವರು ಕೈಮುಗಿದರು.

ಮೀಟ್ರಣ್ಣ ನಡೆದದ್ದನ್ನೆಲ್ಲ ಹೇಳಿದ. ಅವರಿಗೆ ತಿಳಿದಂತೆ ಕಾಣಲಿಲ್ಲ. ಕ್ಯಾಸೆಟ್ಟು ಹಾಕಿದ. ಮೇಷ್ಟ್ರು ತಲೆ ತಗ್ಗಿಸಿ ಪೂರ್ತಿ ಕೇಳಿದರು.

“ಬಾಳ ಚೆಂದಾಗದೆ. ಯಾರು ಸ್ವಾಮಿ ಇವ್ರು?”

“ನೀವೇ ಮೇಷ್ಟ್ರೇ.”

ಅವರು ನಕ್ಕರು. ಕಹಿಯಿಲ್ಲದ ನಗು, ಅದೇ ಕಷ್ಟವಾದದ್ದು. “ಮುದ್ಕನ್ನ ಸಮಾಧಾನ ಮಾಡಕ್ಕೆ ಬಂದಿದೀರಿ. ನಂದು ಸತ್ತೋದ ಕೈ ಅಲ್ವಾ. ನೀವು ಅಂಗಂದ್ರಿ ಅಂತ ಕೇಳಿದ್ ದಿನ್ವೇ ಕೂತು ನುಡಿಸ್ ನೋಡ್ದೆ. ನಿಮ್ ಮಾತು ಸರಿಯಾಗೇ ಇತ್ತು. ಬೆರಳು ಎಲ್ಲಿ ಮಡಗ್ಬೇಕು ಅಂತ್ಲೇ ಅನುಮಾನ. ನಿಮ್ ಕಿವಿ ತಪ್ಪೋ ಕಿವಿಯಾ?”

ನುಡಿಸಿ ಎಂದು ಮೀಟ್ರಣ್ಣ ಬೇಡಿಕೊಂಡ. ಕಂಬಳಿ ತೆಗೆದು ಕೂತರು. ಒಂದು ಸಾಲು ನುಡಿಸುವುದು, ಮೀಟ್ರಣ್ಣನ ಮುಖ ನೋಡುವುದು. ಇನ್ನೊಂದು ಸಾಲು, ಮತ್ತೆ ಮುಖ. ಗಾಂಧಾರಕ್ಕೆ ಬಂದು ನಿಂತವರು ಮುಂದೆ ಹೋಗಲಿಲ್ಲ. ಎಪ್ಪತ್ತರ ಹತ್ತಿರದ ಮನುಷ್ಯ ಪರೀಕ್ಷೆಗೆ ಕೂತವರಂತೆ ನೋಡುತ್ತಿದ್ದರು. ಮೀಟ್ರಣ್ಣ ಎದ್ದು ಜಗಲಿಯ ಆಚೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಅವನು ಅತ್ತದ್ದನ್ನು ನಾನು ಅದಕ್ಕಿಂತ ಮುಂಚೆ ನೋಡಿರಲಿಲ್ಲ.

ಆಮೇಲೆ ಅವನು ಬಿಂಡಿಗನವಿಲೆ ಕಡೆಯ ಆ ಊರಿಗೆ ಹೋಗಿ ನಾಲ್ಕು ಜನರ ಮುಂದೆ ತನ್ನದೇ ತಪ್ಪು ಎಂದ. “ಆಗೋಯ್ತು ಬುಡಣ್ಣ, ಮುಂದಿನ್ ವರ್ಸ ನೋಡಾವ” ಎಂದರಂತೆ. ಮುಂದಿನ ವರ್ಷ ಬಂದು ಕರೆದರು ಕೂಡ. ಮೇಷ್ಟ್ರೇ ಒಲ್ಲೆ ಎಂದರು. ಮೀಟ್ರಣ್ಣ ಆಗ ಒಂದು ವಿಚಿತ್ರ ಕೆಲಸ ಮಾಡಿದ. ಜೀವನದಲ್ಲಿ ಹಾರ್ಮೋನಿಯಂ ಮುಟ್ಟದಿದ್ದವನು ಪ್ರತಿ ಭಾನುವಾರ ದೇವಲಾಪುರಕ್ಕೆ ಹೋಗಿ ಅವರ ಹತ್ತಿರ ಪಾಠಕ್ಕೆ ಕೂತ. ಕಲಿಸುವುದಕ್ಕಾದರೂ ಅವರು ಹಾರ್ಮೋನಿಯಂ ಮುಟ್ಟಲಿ ಎಂದು.

ನಾನೊಮ್ಮೆ ಕೇಳಿದೆ. ಬಹಳ ಕೆಟ್ಟದಾಗಿ ನುಡಿಸುತ್ತಿದ್ದ. ಎಷ್ಟು ಕೆಟ್ಟದಾಗಿದೆ ಎಂಬುದು ಈ ಭೂಮಿಯ ಮೇಲೆ ಅವನಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರು ಮಾತ್ರ ಅವನ ಬೆರಳು ಹಿಡಿದು, “ಅವಸ್ರ ಬ್ಯಾಡಿ ಸ್ವಾಮಿ” ಎನ್ನುತ್ತ ತಿದ್ದುತ್ತಿದ್ದರು. ಎರಡು ವರ್ಷ ನಡೆಯಿತು ಈ ಪಾಠ. ಅವರು ಮತ್ತೆ ನಾಟಕಕ್ಕೆ ಹೋಗಲಿಲ್ಲ. ಒಂದು ಆಷಾಢದಲ್ಲಿ ಮಲಗಿದಲ್ಲೇ ಹೋದರು.

ಯಾರು ಮೇಲು ಯಾರು ಕೀಳು ಎಂದು ಮೀಟ್ರಣ್ಣ ಮತ್ತೆ ಬಾಯಿಬಿಡಲಿಲ್ಲ. ಕ್ಯಾಸೆಟ್ಟು ಹೋಗಿ ಪೆನ್‌ಡ್ರೈವ್ ಬಂತು, ಪೆನ್‌ಡ್ರೈವ್ ಹೋಗಿ ವಾಟ್ಸಾಪು ಬಂತು. ರಿಟೈರ್ ಆದ ಮೇಲೂ ಎಲ್ಲೆಲ್ಲಿಂದಲೋ ಹುಡುಗರು ಹಾರ್ಮೋನಿಯಂ ತುಣುಕು ಕಳಿಸಿ, ಹೇಗಿದೆ ಹೇಳಿ ಸಾರ್ ಎಂದು ಕೇಳುತ್ತಿದ್ದರು. ಎಲ್ಲರಿಗೂ ಕೈಮುಗಿದ ಒಂದೇ ಚಿತ್ರ. ನನ್ನನ್ನೂ ‘ಏನ್ಲಾ ಯತ್ಯಾಸ’ ಎಂದು ಕೇಳುವುದು ನಿಂತಿತು. ಸುಮ್ಮನೆ ಕೂತು ಕೇಳುತ್ತಿದ್ದೆವು. ಅದರಲ್ಲಿ ಮೊದಲಿನ ರುಚಿ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಹಾಸಿಗೆ ಹಿಡಿದಿದ್ದಾನೆಂದು ತಿಳಿದು ನಾನೂ ನನ್ನ ಹೆಂಡತಿಯೂ ನೋಡಲು ಹೋದೆವು. ಮಗಳು ಕಾಫಿ ತಂದುಕೊಟ್ಟಳು. ಅಳಿಯ ಪಕ್ಕದಲ್ಲಿ ನಿಂತಿದ್ದ. ಮೀಟ್ರಣ್ಣ ದಿಂಬಿಗೆ ಒರಗಿಕೊಂಡು ಅವನಿಗೆ ನನ್ನನ್ನು ತೋರಿಸಿದ.

“ಇವ್ನನ್ನ ನೋಡ್ಕಳಪ್ಪ. ಅವತ್ತು ತಪ್ಪಾಗದೆ ಅಂತ ಗೊತ್ತಾದ್ ಮಾರ್ನೆ ದಿನ್ವೇ ಬಂದು ನನ್ ಮುಂದೆ ನಿಂತ. ಬ್ಯಾರೆಯೋರಾಗಿದ್ರೆ ಮುಚ್ಚಾಕ್ಬುಡೋರು. ಆ ಮೇಷ್ಟ್ರ ತಾವ ಎರಡ್ ವರ್ಸ ಕೂತಿದ್ನಲ್ಲ, ಅದು ಇವ್ನು ಕೊಡ್ಸಿದ್ದು.”

ನನ್ನ ಹೆಂಡತಿ ಅರ್ಧ ಕುಡಿದ ಲೋಟವನ್ನು ಕೆಳಗಿಟ್ಟು ಎದ್ದು ಹೊರಗೆ ಹೋದಳು. ನಾನು ನನ್ನ ಕಾಫಿಯನ್ನು ಪೂರ್ತಿ ಕುಡಿದೆ.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ನೋಡುತ್ತ, “ಇವತ್ತಾದ್ರೂ ಏಳ್ಬೋದಿತ್ತು” ಎಂದಳು.

“ಮುಂದಿನ್ ಸಲ ಬಂದಾಗ ಏಳ್ತೀನಿ” ಎಂದೆ.

ಎಂಟು ದಿನಕ್ಕೆ ಫೋನ್ ಬಂತು.

ತಿಥಿಯ ದಿನ, ಅವನನ್ನು ಚೆನ್ನಾಗಿ ಬಲ್ಲವರು ನೀವೇ, ನಾಲ್ಕು ಮಾತಾಡಿ ಎಂದು ಎಬ್ಬಿಸಿ ನಿಲ್ಲಿಸಿದರು. ಆ ‘ನಿನ್ನೆ’ಯೊಂದನ್ನು ಬಿಟ್ಟು ಎಲ್ಲ ಮಾತಾಡಿದೆ. ಚೆನ್ನಾಗಿ ಮಾತಾಡಿದಿರಿ ಎಂದು ಐದಾರು ಜನ ಕೈ ಹಿಡಿದುಕೊಂಡರು, ಮಗಳು ಕಣ್ಣು ಒರೆಸಿಕೊಂಡಳು. ಊಟಕ್ಕೆ ಎಲೆ ಹಾಕಿದಾಗ ಹೆಂಡತಿಯನ್ನು ಹುಡುಕಿದೆ. ಅವಳು ಉಣ್ಣದೆ, ನನಗೂ ಹೇಳದೆ, ಬಸ್‌ಸ್ಟ್ಯಾಂಡಿಗೆ ಹೋಗಿದ್ದಳು.